ಡಾಕ್ಟರ್ ಡೈರಿ: ಒಂದೇ ಅಡುಗೆಮನೆ, ನಾಲ್ಕು ಊರು

ಸೆಪ್ಟೆಂಬರ್ ಬಂತೆಂದರೆ ನಮ್ಮ ಬಳಗದ ಮನೆಗಳಲ್ಲಿ ಒಂದೇ ಗಡಿಬಿಡಿ. ಮಗಳು ಲೀಡ್ಸ್‌ಗೆ, ಮಗ ಮ್ಯಾಂಚೆಸ್ಟರ್‌ಗೆ. ಕಾರಿನ ಡಿಕ್ಕಿಯಲ್ಲಿ ಕುಕ್ಕರು, ಚಟ್ನಿಪುಡಿ ಡಬ್ಬಿ, ಹೊಸ ರಜಾಯಿ. ಆಗ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ: "ಡಾಕ್ಟ್ರೇ, ಗುರುತಿಲ್ಲದವರ ಜೊತೆ ಅಡುಗೆಮನೆ ಹಂಚಿಕೊಳ್ಳಬೇಕಂತೆ. ದುಡ್ಡು ಹೋದರೆ ಹೋಗಲಿ, ಮಗುವಿಗೆ ಒಂದು ಸ್ಟುಡಿಯೋ ಹಿಡಿದುಕೊಟ್ಟರೆ ಹೇಗೆ?" ಉತ್ತರ ಹೇಳುವ ಮುಂಚೆ ಒಂದು ಹಳೆಯ ಕಥೆ ಹೇಳುತ್ತೇನೆ.

2001ನೇ ಇಸವಿ. ದಾವಣಗೆರೆಯಲ್ಲಿ ಎಂಬಿಬಿಎಸ್, ಎಂಡಿ ಮುಗಿಸಿದ್ದ ನಾನು ಮೂವತ್ತೊಂದನೇ ವಯಸ್ಸಿಗೆ ಮತ್ತೆ ವಿದ್ಯಾರ್ಥಿಯಾಗಿ ಬರ್ಮಿಂಗ್‌ಹ್ಯಾಮ್‌ಗೆ ಬಂದಿಳಿದೆ. ಹಗಲು ಒಂದು ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಅಟ್ಯಾಚ್‌ಮೆಂಟ್, ರಾತ್ರಿ ಪ್ಲ್ಯಾಬ್ ಪರೀಕ್ಷೆಯ ಓದು. ಸೆಲ್ಲಿ ಓಕ್‌ನ ಒಂದು ಹಳೆಯ ಟೆರೇಸ್ ಮನೆಯಲ್ಲಿ ನಾಲ್ಕು ಜನ. ಇಬ್ಬರು ನನ್ನಂತೆಯೇ ಪ್ಲ್ಯಾಬ್ ಡಾಕ್ಟರುಗಳು, ಒಬ್ಬ ಮಧುರೈನವನು, ಇನ್ನೊಬ್ಬ ಲಾಹೋರಿನವನು. ನಾಲ್ಕನೆಯವನು ನೈಜೀರಿಯಾದ ಇಬಾದಾನ್‌ನಿಂದ ಎಂಜಿನಿಯರಿಂಗ್ ಓದಲು ಬಂದವನು. ಆ ಮನೆಯಲ್ಲಿ ಊರೇ ಹೆಸರು. ನಾನು 'ದಾವಣಗೆರೆ'; ಅದು ಇಬಾದಾನ್‌ನ ನಾಲಿಗೆಯಲ್ಲಿ 'ಡಾವಾಂಗ್ರಿ' ಆಗಿತ್ತು.

ಮೊದಲ ಎರಡು ತಿಂಗಳು ಸ್ನೇಹವೇನೂ ಇರಲಿಲ್ಲ. ಕರೆಂಟಿಗೆ ಕೀ ಹಾಕುವ ಮೀಟರು. ಕೀ ಹಿಡಿದು ಮೂಲೆಯ ಅಂಗಡಿಗೆ ಹೋಗಿ ದುಡ್ಡು ತುಂಬಿಸಿ ತರಬೇಕಾದವರು ಯಾರು ಎಂಬುದೇ ನಮ್ಮ ನಿತ್ಯದ ಮಾತುಕತೆ. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂತಸ್ತು. ನಾನು ಸಸ್ಯಾಹಾರಿ, ನನ್ನ ಪಾತ್ರೆಗಳ ಹಿಡಿಗೆ ಕೆಂಪು ಟೇಪು ಸುತ್ತಿ, ಯಾರೂ ಮುಟ್ಟಬಾರದೆಂದು ಚೀಟಿ ಬೇರೆ ಅಂಟಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮನ್ನು ಒಂದು ಮೇಜಿಗೆ ತಂದದ್ದು ಪರೀಕ್ಷೆ. ಪ್ಲ್ಯಾಬ್ ಎರಡನೇ ಭಾಗದಲ್ಲಿ ಬರೆಯುವುದಿಲ್ಲ, ನಟ ರೋಗಿಯ ಜೊತೆ ಮಾತಾಡಬೇಕು. ಇಂದಿನ ಹುಡುಗರು ಇದಕ್ಕಾಗಿ ಮ್ಯಾಂಚೆಸ್ಟರ್‌ಗೆ ಹೋಗುತ್ತಾರೆ. ನಾವು ಊಟವಾದ ಮೇಲೆ ಅಡುಗೆಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದೆವು. ಒಬ್ಬ ಡಾಕ್ಟರು, ಒಬ್ಬ ಪರೀಕ್ಷಕ, ಇಬಾದಾನ್ ಖಾಯಂ ರೋಗಿ. ಎಲ್ಲಕ್ಕಿಂತ ಕಷ್ಟವಾದದ್ದು ಕೆಟ್ಟ ಸುದ್ದಿ ಹೇಳುವ ಪಾಠ. ಮೊದಲು ಕೂತುಕೋ. ಅವರಿಗೆ ಎಷ್ಟು ಗೊತ್ತಿದೆ ಕೇಳು. ಒಂದು ಮುನ್ಸೂಚನೆ ಕೊಡು. ಸಣ್ಣ ಮಾತಿನಲ್ಲಿ ವಿಷಯ ಹೇಳು. ಆಮೇಲೆ ಬಾಯಿ ಮುಚ್ಚು. ಲಾಹೋರ್ ಪ್ರತಿಸಲ ಈ ಕೊನೆಯ ಅಂಶದಲ್ಲಿ ಫೇಲ್. ಅವನಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

ನವೆಂಬರಿನ ಒಂದು ಸಂಜೆ ಆಸ್ಪತ್ರೆಯಿಂದ ಬಂದಾಗ ಲಾಹೋರ್ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಹಜಾರದ ಫೋನಿಗೆ ನಮ್ಮಣ್ಣನ ಕರೆ ಬಂದಿತ್ತು. ಅಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಫೋನೆತ್ತಿದವನ ಮಾತು ಕೇಳಿ ತನ್ನ ದಾವಣಗೆರೆ ಮಂಡಿಯ ಉರ್ದುವಿನಲ್ಲೇ ಅವನಿಗೆ ವಿಷಯ ಹೇಳಿದ್ದ. "ಕೂತ್ಕೋ ಭಾಯಿ," ಅಂದ ಲಾಹೋರ್. ತಾನೂ ಕೂತ. "ಅಪ್ಪಾಜಿಗೆ ಹುಷಾರಿರಲಿಲ್ಲ ಅಂತ ಗೊತ್ತಿತ್ತಾ?" ಅಂದ. ಅಷ್ಟರಲ್ಲೇ ನನಗೆ ತಿಳಿಯಿತು. ನೂರು ಸಲ ಆಡಿದ ಪಾಠ ಅದು. ಉಳಿದದ್ದನ್ನು ಅವನು ಹೇಳಲಾರದೆ ನನ್ನ ಕೈ ಹಿಡಿದುಕೊಂಡ. ಅವತ್ತು ಅವನು ಬಹಳ ಹೊತ್ತು ಒಂದು ಮಾತೂ ಆಡಲಿಲ್ಲ.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಅಕೌಂಟಿನಲ್ಲಿ ಟಿಕೆಟ್ಟಿಗೆ ಸಾಲುವಷ್ಟು ದುಡ್ಡಿರಲಿಲ್ಲ. ರಾತ್ರಿ ಹತ್ತಕ್ಕೆ ಇಬಾದಾನ್ ತನ್ನ ಫೀಸಿಗೆ ಕೂಡಿಟ್ಟಿದ್ದರಲ್ಲಿ ಇನ್ನೂರು ಪೌಂಡು ತಂದು ಮೇಜಿನ ಮೇಲಿಟ್ಟ. ಉಳಿದದ್ದನ್ನು ಇನ್ನಿಬ್ಬರು ಹೊಂದಿಸಿದರು. ಮಧುರೈ ಫೋನು ಮಾಡಿ ಮಾಡಿ ಟಿಕೆಟ್ ಹಿಡಿದ. ಲಾಹೋರ್ ನನ್ನ ಕೆಂಪು ಟೇಪಿನ ಪಾತ್ರೆಯನ್ನು ಮತ್ತೊಮ್ಮೆ ತೊಳೆದು, ಅದರಲ್ಲೇ ಬೇಳೆ ಬೇಯಿಸಿ ಅನ್ನ ಬಡಿಸಿದ. ನಾಲ್ವರೂ ಅದನ್ನೇ ಉಂಡೆವು.

ಅಪ್ಪನ ಮಣ್ಣಿಗೆ ನಾನು ತಲುಪಲಾಗಲಿಲ್ಲ. ಮೂರನೇ ದಿನ ಊರು ಮುಟ್ಟಿದೆ. ಆದರೆ ಆ ರಾತ್ರಿ ನಾನು ಒಬ್ಬನೇ ಇರಲಿಲ್ಲ ಎಂಬುದು ಅವ್ವನಿಗೆ ಎಷ್ಟು ಸಮಾಧಾನ ತಂದಿತೆಂದರೆ, ಬದುಕಿರುವವರೆಗೂ ಆ ಮೂವರನ್ನು ವಿಚಾರಿಸದೆ ಫೋನ್ ಇಡುತ್ತಿರಲಿಲ್ಲ. ವಾಪಸು ಬಂದಾಗ ನನ್ನ ಪಾಲಿನ ಬಾಡಿಗೆ ಕಟ್ಟಿಯಾಗಿತ್ತು. ಪರೀಕ್ಷೆ ಮುಂದಿನ ಸಲ ಬರೆದೆ, ಪಾಸಾದೆ. ಕೆಂಪು ಟೇಪು ಕಿತ್ತು ಹಾಕಿದೆ.

2006ರ ಏಪ್ರಿಲ್‌ನಲ್ಲಿ ಹೊರದೇಶದ ಡಾಕ್ಟರುಗಳಿಗೆ ವರ್ಕ್ ಪರ್ಮಿಟ್ ಇಲ್ಲದೆ ತರಬೇತಿ ಪಡೆಯುವ ಅವಕಾಶ ನಿಂತುಹೋದಾಗ ಮಧುರೈ ಕೆಲಸವಿಲ್ಲದೆ ಕೂತ. ಅವನು ನಾಲ್ಕು ತಿಂಗಳು ಇದ್ದದ್ದು ಮ್ಯಾಂಚೆಸ್ಟರಿನಲ್ಲಿ, ಲಾಹೋರ್‌ನ ಮನೆಯಲ್ಲಿ. ಈಗ ಅವನು ಲೀಡ್ಸ್‌ನಲ್ಲಿ ಜಿಪಿ. ವರ್ಷಕ್ಕೊಮ್ಮೆ ರಷೋಮ್‌ನ ಕರಿ ಮೈಲ್‌ನಲ್ಲಿ ಸೇರುತ್ತೇವೆ. ಊರಿಗೆ ಮರಳಿದ ಇಬಾದಾನ್ ವಿಡಿಯೋದಲ್ಲಿ ಬರುತ್ತಾನೆ.

ಇನ್ನು ಡಾಕ್ಟರನಾಗಿ ಒಂದು ಮಾತು. ಮೆನಿಂಜೈಟಿಸ್‌ನಂಥ ಕಾಯಿಲೆ ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ಜ್ವರ, ವಿಪರೀತ ತಲೆನೋವು, ಮಂಪರು ಇರುವ ಹುಡುಗ ತಾನೇ 999ಕ್ಕೆ ಫೋನ್ ಮಾಡುವ ಸ್ಥಿತಿಯಲ್ಲಿ ಇರಲಿಕ್ಕಿಲ್ಲ. ಗಾಜಿನ ಲೋಟ ಒತ್ತಿದರೂ ಮಾಯದ ಕೆಂಪು ಗುಳ್ಳೆ ಕಾಣುವವರೆಗೆ ಕಾಯಲೂ ಬಾರದು. 2015ರಿಂದ ಕೊಡುತ್ತಿರುವ ಮೆನ್‌ಎಸಿಡಬ್ಲ್ಯುವೈ ಲಸಿಕೆ ಆಗಿದೆಯೇ ನೋಡಿಕೊಳ್ಳಿ, ಆದರೆ ಅದು ಬಿ ಗುಂಪಿನದನ್ನು ತಡೆಯುವುದಿಲ್ಲ. "ಯಾಕೋ ಇವತ್ತು ಇವನು ಅಡುಗೆಮನೆಗೆ ಬರಲಿಲ್ಲವಲ್ಲ" ಎಂದು ಬಾಗಿಲು ಬಡಿಯುವವರು ಬೇಕು. ಬೀಗ ಹಾಕಿದ ಸ್ಟುಡಿಯೋದ ಬಾಗಿಲನ್ನು ಯಾರು ಬಡಿಯಬೇಕು, ನೀವೇ ಹೇಳಿ.

ಮೂರು ವರ್ಷದ ಹಿಂದೆ ನನ್ನ ಮಗಳು ಲೀಡ್ಸ್‌ಗೆ ಹೊರಟಾಗ ಇಷ್ಟೆಲ್ಲ ಗೊತ್ತಿದ್ದ ನಾನೇ ಸ್ಟುಡಿಯೋ ಹುಡುಕಿದ್ದೆ! "ಅಪ್ಪಾ, ನಿಮಗೆ ಮಾತ್ರ ಲಾಹೋರ್ ಅಂಕಲ್ ಬೇಕಿತ್ತಾ?" ಎಂದಳು. ಹೈಡ್ ಪಾರ್ಕ್‌ನ ಮನೆಯೊಂದರಲ್ಲಿ ಐದು ಜನರ ಜೊತೆ ಇದ್ದಾಳೆ. ಸಿಂಕಿನಲ್ಲಿ ಪಾತ್ರೆ ಬಿಟ್ಟುಹೋಗುವುದು ಯಾರು ಎಂಬ ಜಗಳ ಈಗಲೂ ನಡೆಯುತ್ತಿದೆಯಂತೆ. ನನಗೆ ಕೇಳಲು ಬಹಳ ಹಿತವಾಗುತ್ತದೆ.

ಈ ದೀಪಾವಳಿಗೆ ಮಕ್ಕಳು ಮನೆಗೆ ಬಂದಾಗ "ಊಟ ಸರಿ ಮಾಡ್ತೀಯಾ?" ಎಂದು ಕೇಳಿದ ಮೇಲೆ, "ನಿನ್ನ ಮನೆಯವರ ಹೆಸರೇನು?" ಎಂದೂ ಕೇಳಿ. ಅವರಲ್ಲಿ ಒಬ್ಬರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ವಾಪಸು ಹೊರಡುವಾಗ ಚಕ್ಕುಲಿ ಡಬ್ಬಿ ಸ್ವಲ್ಪ ದೊಡ್ಡದೇ ಇರಲಿ.

ಎಲ್ಲರಿಗೂ ಬೆಳಕಿನ ಹಬ್ಬದ ಶುಭಾಶಯಗಳು.