ಎತ್ತಿಗಿರುವ ಪರೀಕ್ಷೆ ಯೆಜ್ಡಿಗೇಕಿಲ್ಲ?

ಹಳೆಯ ಯೆಜ್ಡಿ ಬೈಕನ್ನು ಕಿವಿಯಿಂದಲೇ ಕೊಳ್ಳಬೇಕು, ಸದ್ದು ಸರಿಯಿದ್ದರೆ ಉಳಿದದ್ದೆಲ್ಲ ಆಮೇಲೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಅವರು ಎಂದೂ ಎತ್ತು ಕೊಂಡಂತಿಲ್ಲ. ನಮ್ಮ ಇಟಗಿಯಲ್ಲಿ ಗೆಜ್ಜೆಯ ನಾದಕ್ಕೆ ಮರುಳಾಗಿ ಯಾರೂ ಎತ್ತು ಹೊಡೆದುಕೊಂಡು ಬರುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅದರ ರೋಡ್‌ಕಿಂಗ್ ಮಾದರಿಯ ತೀರ ಕಿರಿಯ ಗಾಡಿಗೂ ಈಗ ಕಾಲು ಶತಮಾನ ದಾಟಿದೆ. ಅದರ ಆರೋಗ್ಯಕ್ಕೆ ಸದ್ದೊಂದೇ ಸಾಕ್ಷಿಯೇ? ಸೈಲೆನ್ಸರಿನ ಒಳಕೊಳವೆ ಕಿತ್ತರೆ ಸೋತ ಎಂಜಿನ್ನೂ ಗುಡುಗುತ್ತದೆ. ಮೇಲಾಗಿ ಜಾಣ ಮಾರಾಟಗಾರ ನೀವು ಬರುವ ಮುಂಚೆಯೇ ಒಂದು ಸುತ್ತು ಹೊಡೆದು ಗಾಡಿ ಕಾಯಿಸಿಟ್ಟಿರುತ್ತಾನೆ. ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ಚಹಾ ಕುಡಿಯುತ್ತ ಕೂಡಿ, ತಣ್ಣಗಾದ ಮೇಲೆ ಕಿಕ್ ಹೊಡೆಯಿರಿ. ಹೊಗೆ ಕಂಡು ಹೆದರಬೇಡಿ, ಪೆಟ್ರೋಲಿಗೆ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಅದು. ಆದರೆ ನಾಲ್ಕು ಮೈಲಿ ಓಡಿದ ಮೇಲೂ ದಟ್ಟ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕಿನ ಸೀಲ್ ಹೋಗಿ ಗೇರ್ ಆಯಿಲ್ ಒಳಗೆ ಸೇರುತ್ತಿರಬಹುದು. ಆಗ ಎಂಜಿನ್ ಪೂರ್ತಿ ಬಿಚ್ಚಬೇಕು. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿರುವ ಗಾಡಿಯಿದು. ಆ ಲಿವರ್ ಜಾರುತ್ತದೆಯೇ ಎಂಬುದನ್ನೂ ನೋಡಿ.

ಕಾಗದಪತ್ರದ ಬಗ್ಗೆ ಲೇಖಕರು ಒಂದು ಸಾಲೂ ಬರೆದಿಲ್ಲ! ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಆರ್‌ಸಿಯೊಂದಿಗೆ ಅಂಕಿ ಅಂಕಿ ತಾಳೆ ನೋಡಿ. 15 ವರ್ಷದ ನಂತರ ನೋಂದಣಿ ನವೀಕರಿಸದ ಗಾಡಿ ಕೊಂಡರೆ ಆರ್‌ಟಿಒ ಅಲೆದಾಟವೂ ಜೊತೆಗೆ ಬರುತ್ತದೆ.

ಇನ್ನು ಹೊಸ ಬಣ್ಣ ಕಂಡು ಮೋಸಹೋಗಬೇಡಿ. ನಮ್ಮ ಎರೆಮಣ್ಣಿನ ಕೆಸರು ಮಡ್‌ಗಾರ್ಡಿನೊಳಗೆ ಕೂತು ತಗಡನ್ನು ತಿಂದಿರುತ್ತದೆ. ಒಳಗೆ ಕೈ ಹಾಕಿ ಒತ್ತಿ ನೋಡಿ.