ಬೈಯುವ ಮೊದಲು ಬೂತ್ ತೆರೆಯಿರಿ

ಮತದಾನ ಮುಗಿದ ಮರುದಿನ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಮಂಗಳಾರತಿ ತಪ್ಪಿದ್ದಲ್ಲ. ರಜೆ ಸಿಕ್ಕಿದ್ದೇ ತಡ ಕೊಡಗಿಗೋ ಗೋಕರ್ಣಕ್ಕೋ ಓಡಿದರು ಎಂದು ಟಿವಿಯಲ್ಲಿ ಕೂತ ಹಿರಿಯರು ಹರಿಹಾಯುತ್ತಾರೆ. ಬೈಯಲು ಕಾರಣವೂ ಇದೆಯೆನ್ನಿ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮತದಾನ ಶೇ 81 ದಾಟಿತು, ಬೆಂಗಳೂರು ದಕ್ಷಿಣ ಶೇ 53ರ ಆಸುಪಾಸಿನಲ್ಲೇ ಏದುಸಿರು ಬಿಟ್ಟಿತು. ಬಾರದೆ ಉಳಿದವರೆಲ್ಲ ಹುಡುಗರೇ ಎಂದು ಎಣಿಸಿದವರು ಯಾರೋ ಗೊತ್ತಿಲ್ಲ.

ನನ್ನ ತಕರಾರು ಬೇರೆ. ಮತ ಹಾಕುವ ರೂಢಿ ಬೀಳಬೇಕಾದದ್ದು ಮನೆ ಪಕ್ಕದ ಚುನಾವಣೆಯಲ್ಲಿ. ಮೋರಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ, ಕಸದ ಗಾಡಿ ಬಾರದಿದ್ದರೆ ಜನ ಹುಡುಕುವುದು ಕಾರ್ಪೊರೇಟರನ್ನು, ಸಂಸದರನ್ನಲ್ಲ. ಆ ಕಾರ್ಪೊರೇಟರ್‌ಗಳನ್ನು ಆರಿಸಲು ಬೆಂಗಳೂರಿನ ಪಾಲಿಕೆ ಬಿಬಿಎಂಪಿಗೆ ಕೊನೆಯ ಮತದಾನ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದು ಸದಸ್ಯರು ಮನೆಗೆ ಹೋದರು, ಆಡಳಿತಾಧಿಕಾರಿ ಬಂದು ಕೂತರು. ವಾರ್ಡ್ ಎಷ್ಟಿರಬೇಕು, ಮೀಸಲಾತಿ ಹೇಗಿರಬೇಕು ಎಂಬ ಜಗ್ಗಾಟ ಕೋರ್ಟು ಕಚೇರಿ ಸುತ್ತಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಹೋಳಾಯಿತು. ಮತದಾನ ಮಾತ್ರ ಅಷ್ಟೊತ್ತಿಗೂ ಆಗಿರಲಿಲ್ಲ. 2015ರಲ್ಲಿ 17 ವರ್ಷದವನಾಗಿದ್ದ ಹುಡುಗನಿಗೆ ಆಗ 27. ಓದು ಮುಗಿಸಿ, ಕೆಲಸ ಹಿಡಿದು, ತೆರಿಗೆ ಕಟ್ಟಿ, ಬಹುಶಃ ಮದುವೆಯನ್ನೂ ಆಗಿ, ತನ್ನ ವಾರ್ಡಿಗೆ ಒಮ್ಮೆಯೂ ಮತ ಹಾಕದ ನಾಗರಿಕ! ಇವನಿಗೆ ನಾವು ಪ್ರಜಾಪ್ರಭುತ್ವದ ಪಾಠ ಹೇಳುತ್ತೇವೆ.

ಹಳ್ಳಿ ಕಡೆಯೂ ಇದೇ ಕಥೆ. 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಕುರ್ಚಿಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನವೇ ಹೇಳುತ್ತದೆ. ಆದರೆ ಯಾವ ಪಕ್ಷದ ಸರ್ಕಾರವಿದ್ದರೂ, ಕೆಳಗೆ ಪಾಲು ಕೇಳುವವರಿಲ್ಲದಿದ್ದರೆ ಶಾಸಕರಿಗೆ ಆರಾಮ.

ಹಾಗೆಂದು ಹುಡುಗರನ್ನು ಸುಮ್ಮನೆ ಬಿಡಲಾರೆ. 2015ರಲ್ಲಿ ಬೆಂಗಳೂರಿನಲ್ಲಿ ಬೂತ್ ತೆರೆದಿದ್ದಾಗಲೂ ಬಂದವರು ಅರ್ಧಕ್ಕಿಂತ ಕಡಿಮೆ. ಹಾಸನದಿಂದಲೋ ರಾಯಚೂರಿನಿಂದಲೋ ಬಂದು ವರ್ಷಾನುಗಟ್ಟಲೆ ಪಿಜಿಯಲ್ಲಿ ಇರುವವರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ. ನಮೂನೆ 8 ತುಂಬಿ ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಮೊಬೈಲಿನಲ್ಲೇ ಆಗುವ ಕೆಲಸ. ಹೊಸಬರಿಗೆ ನಮೂನೆ 6. ಹದಿನೆಂಟು ತುಂಬಲಿ ಎಂದು ಕಾಯಬೇಕಾಗಿಯೂ ಇಲ್ಲ: 17 ತುಂಬಿದವರು ಮುಂಚಿತವಾಗಿ ಅರ್ಜಿ ಹಾಕಬಹುದು. ಹದಿನೆಂಟು ತುಂಬಿತೇ ಎಂದು ನೋಡಲು ಮೊದಲು ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ತಾರೀಕುಗಳೂ ಲೆಕ್ಕಕ್ಕೆ ಬಂದಿವೆ.

ಊರಲ್ಲೇ ಇರುವವರು ಗ್ರಾಮಸಭೆಗೆ ಹೋಗಿ. ಮನೆ ಯಾರಿಗೆ ಮಂಜೂರು ಎಂಬ ಪಟ್ಟಿಗೆ ಒಪ್ಪಿಗೆ ಪಡೆಯುವುದು ಅಲ್ಲೇ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು, ಯಾರೂ ಆಹ್ವಾನ ಕೊಡಬೇಕಿಲ್ಲ. ಮತ ಕೇಳಲು ಬರುವ ಮುಖಗಳೇ ಹಿಡಿಸುವುದಿಲ್ಲ ಎನ್ನುವವರಿಗೆ ಇನ್ನೊಂದು ಸಂಗತಿ: ಶಾಸಕನಾಗಲು 25 ತುಂಬಿರಬೇಕು, ಆದರೆ ಗ್ರಾಮ ಪಂಚಾಯಿತಿಗಾಗಲಿ ನಗರ ಪಾಲಿಕೆಗಾಗಲಿ ನಿಲ್ಲಲು 21 ಸಾಕು. ನೀವೇ ನಿಲ್ಲಿ, ಇಲ್ಲವೇ ಹಾಸ್ಟೆಲ್‌ನಲ್ಲಿ ಜತೆಗಿದ್ದ ಗೆಳತಿಯನ್ನು ನಿಲ್ಲಿಸಿ. ಅದಕ್ಕೂ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ.