ಆಟಕ್ಕುಂಟು, ಲೆಕ್ಕಕ್ಕಿಲ್ಲ



ಕೋವಿಡ್ ಮಹಾಮಾರಿಯ ಮಾತು ಬಂದಾಗಲೆಲ್ಲ ನಾನು ಎರಡು ಬಗೆಯ ಉತ್ತರಗಳನ್ನು ಕೇಳುತ್ತೇನೆ. "ಅದೆಲ್ಲ ಮುಗಿದ ಕಥೆ, ಮತ್ತೇಕೆ ಕೆದಕುತ್ತೀರಿ?" ಎಂಬುದು ಮೊದಲನೆಯದು. "ಅಂಕಿಸಂಖ್ಯೆಗಳನ್ನು ಹೇಗೆ ಬೇಕಾದರೂ ತಿರುಚಬಹುದು, ಅವುಗಳಿಂದ ಮನುಷ್ಯರ ದುಃಖ ತಿಳಿಯುವುದುಂಟೇ?" ಎಂಬುದು ಎರಡನೆಯದು. ಮೊದಲನೆಯದನ್ನು ಹೇಳುವವರು ಹೆಚ್ಚೇನೂ ಕಳೆದುಕೊಳ್ಳದವರು. ಎರಡನೆಯದನ್ನು ಹೇಳುವವರು ಬಹುಮಟ್ಟಿಗೆ ಓದಿದವರು, ಮೃದು ಮನಸ್ಸಿನವರು. ಇವೆರಡೂ ತಪ್ಪು ಎಂದು ವಾದಿಸುವುದಕ್ಕಾಗಿಯೇ ಈ ಬರಹ. ಎಣಿಸುವುದು ಬೇಡ ಎನ್ನುವ ಸಹೃದಯರು ತಮಗರಿವಿಲ್ಲದೆಯೇ ಮರೆತುಬಿಡಿ ಎನ್ನುವವರ ಕೈ ಬಲಪಡಿಸುತ್ತಿದ್ದಾರೆ. ಇದರ ನಷ್ಟ ತುಂಬಿಕೊಡುತ್ತಿರುವವರು ಮಕ್ಕಳು.

ಅಂಕಿಗಳು ಮೋಸ ಮಾಡುತ್ತವೆ ಎಂಬ ಆಕ್ಷೇಪವನ್ನು ಮೊದಲು ಪರಿಶೀಲಿಸೋಣ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನೇ ತೆಗೆದುಕೊಳ್ಳಿ. 2020ರಲ್ಲಿ ಉತ್ತೀರ್ಣರಾದವರು ಶೇ. 71.80. 2021ರಲ್ಲಿ ಶೇ. 99.99. 2022ರಲ್ಲಿ ಶೇ. 85.63, 2023ರಲ್ಲಿ ಶೇ. 83.89, 2024ರಲ್ಲಿ ಶೇ. 73.40. ಈ ಸಾಲನ್ನಷ್ಟೇ ಓದಿದ ಪರದೇಶಿಯೊಬ್ಬನು, ಶಾಲೆಗಳು ಮುಚ್ಚಿದ್ದ ವರ್ಷವೇ ಕರ್ನಾಟಕದ ಮಕ್ಕಳು ಅತ್ಯಂತ ಚೆನ್ನಾಗಿ ಕಲಿತರೆಂದು ತೀರ್ಮಾನಿಸುವನು. ನಿಜ ಸಂಗತಿ ಬೇರೆ. 2021ರ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಂದ ಪರೀಕ್ಷೆ ಮುಗಿಯಿತು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಮೊದಲೇ ನಿರ್ಧಾರವಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಿತು. ಫಲಿತಾಂಶ ತೀರ ಕುಸಿದಾಗ ಕೃಪಾಂಕವನ್ನು ಹೆಚ್ಚಿಸಲಾಯಿತು. ಅಂದರೆ ಅಳೆಯುವ ಕೋಲೇ ವರ್ಷ ವರ್ಷಕ್ಕೂ ಬದಲಾಯಿತು. ಕೋಲು ಬದಲಾದಾಗ ಬಟ್ಟೆ ಬೆಳೆಯಿತೆಂದು ಹೇಳುವ ವ್ಯಾಪಾರಿಯನ್ನು ನಂದಗಡದ ಪೇಟೆಯಲ್ಲಿ ಯಾರೂ ನಂಬುವುದಿಲ್ಲ.

ಹಾಗಾದರೆ ಅಂಕಿಗಳನ್ನು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಈ ಮೋಸವನ್ನು ಕಂಡುಹಿಡಿದದ್ದೂ ಅಂಕಿಗಳನ್ನು ಒಂದರ ಪಕ್ಕಕ್ಕೆ ಒಂದನ್ನಿಟ್ಟು ನೋಡಿದ್ದರಿಂದಲೇ. ಯಾವ ಸಂಖ್ಯೆ ಎದುರು ಬಂದರೂ ನಾವು ಮೂರು ಪ್ರಶ್ನೆ ಕೇಳಬೇಕು. ಯಾರು ಎಣಿಸಿದರು? ಯಾರನ್ನು ಬಿಟ್ಟರು? ಯಾವುದರೊಡನೆ ಹೋಲಿಸಿದರು? ನನ್ನ ಗಣಿತದ ತರಗತಿಯಲ್ಲಿ ಕುಳಿತವರಿಗೆ ಇದು ಹೊಸ ಮಾತಲ್ಲ.

ಕಲಿಕೆಯ ವಿಷಯಕ್ಕೆ ಬರೋಣ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ನಮ್ಮ ರಾಜ್ಯದಲ್ಲಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ನಡುವೆ 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭವಾಗಿ, ಗುಡಿಯ ಕಟ್ಟೆಗಳಲ್ಲಿ, ಮರದ ನೆರಳಿನಲ್ಲಿ ಶಿಕ್ಷಕರು ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಉಳಿದದ್ದು ಮೊಬೈಲ್. ಕಣಕುಂಬಿ, ಜಾಂಬೋಟಿಯ ಕಾಡಿನ ಹಳ್ಳಿಗಳನ್ನು ಬಲ್ಲವರಿಗೆ ಅಲ್ಲಿ ಮೊಬೈಲ್ ಪಾಠವೆಂದರೆ ಏನೆಂದು ವಿವರಿಸಬೇಕಾಗಿಲ್ಲ. 2021ರ ಆಗಸ್ಟ್‌ನಲ್ಲಿ ಜ್ಯಾಂ ಡ್ರೇಜ್ ಮೊದಲಾದ ಅರ್ಥಶಾಸ್ತ್ರಜ್ಞರು ಕರ್ನಾಟಕವೂ ಸೇರಿದಂತೆ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳನ್ನು ವಿಚಾರಿಸಿದರು. ಹಳ್ಳಿಗಳಲ್ಲಿ ಆನ್‌ಲೈನ್‌ನಲ್ಲಿ ನಿಯಮಿತವಾಗಿ ಓದುತ್ತಿದ್ದವರು ನೂರಕ್ಕೆ 8 ಮಕ್ಕಳು. ಓದನ್ನೇ ಬಿಟ್ಟಿದ್ದವರು ನೂರಕ್ಕೆ 37. ಅದೇ ವರ್ಷದ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಐದು ರಾಜ್ಯಗಳ ಸರಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿತ್ತು. ಭಾಷೆಯಲ್ಲಿ ಹಿಂದಿನ ವರ್ಷದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡವರು ಶೇ. 92, ಗಣಿತದಲ್ಲಿ ಶೇ. 82. ಹೊಸದನ್ನು ಕಲಿಯದಿದ್ದುದು ಒಂದು ನಷ್ಟ, ಕಲಿತದ್ದು ಮರೆತುಹೋದದ್ದು ಇನ್ನೊಂದು ನಷ್ಟ. ಇವೆರಡನ್ನೂ ಬೇರ್ಪಡಿಸಿ ತೋರಿಸಿದ್ದು ಆ ಅಧ್ಯಯನದ ಹಿರಿಮೆ. ಇದನ್ನು ಕಣ್ಣೀರಿನಿಂದ ತಿಳಿಯಲಾಗುತ್ತಿರಲಿಲ್ಲ.

ಇನ್ನು 'ಅಸರ್' ಸಮೀಕ್ಷೆ. ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 19.2 ಇದ್ದರು. 2021ರಲ್ಲಿ ಅದು ಶೇ. 9.8ಕ್ಕೆ ಇಳಿಯಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಓದಬಲ್ಲವರ ಪ್ರಮಾಣ ಅರ್ಧಕ್ಕೆ ಕುಸಿಯಿತು ಎಂಬುದು ಮೊದಲನೆಯದು. ಮಹಾಮಾರಿಗೆ ಮೊದಲೇ ನೂರಕ್ಕೆ ಎಂಬತ್ತು ಮಕ್ಕಳಿಗೆ ಓದು ಬರುತ್ತಿರಲಿಲ್ಲ ಎಂಬುದು ಎರಡನೆಯದು. ಎಲ್ಲ ದೋಷವನ್ನೂ ಕೋವಿಡ್‌ನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರನ್ನೂ ಇದೇ ಅಂಕಿ ಹಿಡಿದು ನಿಲ್ಲಿಸುತ್ತದೆ.

ಈಗ ನನ್ನ ಮುಖ್ಯ ತಕರಾರು. ಅಖಿಲ ಭಾರತ ಮಟ್ಟದಲ್ಲಿ ಇದೇ ಅಳತೆಯು 2018ರಲ್ಲಿ ಶೇ. 27.3 ಇದ್ದುದು 2022ರಲ್ಲಿ 20.5ಕ್ಕೆ ಇಳಿದು, 2024ರಲ್ಲಿ 27.1ಕ್ಕೆ ಏರಿತು. "ನೋಡಿ, ಚೇತರಿಸಿಕೊಂಡೆವು" ಎಂದು ಹಲವರು ಹೇಳಿದರು. ಯಾರು ಚೇತರಿಸಿಕೊಂಡರು? 2024ರಲ್ಲಿ ಮೂರನೆಯ ತರಗತಿಯಲ್ಲಿದ್ದ ಮಗು ಒಂದನೆಯ ತರಗತಿಗೆ ಸೇರಿದ್ದು 2022ರಲ್ಲಿ. ಶಾಲೆ ತೆರೆದ ಮೇಲೆ. 2020ರಲ್ಲಿ ಮೂರನೆಯ ತರಗತಿಯಲ್ಲಿದ್ದ ಮಗುವಾದರೋ ಆಗ ಏಳನೆಯ ತರಗತಿಗೆ ಹೋಗಿತ್ತು. ಖಾನಾಪುರದ ಬಸ್ಸಿನಲ್ಲಿ ಜ್ವರ ಬಂದವರೆಲ್ಲ ಇಳಿದು, ಆರೋಗ್ಯವಂತರು ಹತ್ತಿದ ಮೇಲೆ "ಬಸ್ಸಿನಲ್ಲಿ ಜ್ವರ ಗುಣವಾಯಿತು" ಎಂದರೆ ಒಪ್ಪುವಿರಾ? ತರಗತಿ ಚೇತರಿಸಿಕೊಂಡಿದೆ, ಮಕ್ಕಳು ಚೇತರಿಸಿಕೊಂಡರೇ ಎಂಬುದನ್ನು ಆ ಅಂಕಿ ಹೇಳುವುದೇ ಇಲ್ಲ. ಆ ಮಕ್ಕಳು 2025ರ ಜೂನ್‌ನಲ್ಲಿ ಪ್ರೌಢಶಾಲೆಯ ಮೆಟ್ಟಿಲು ಹತ್ತಿದರು. 2028ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವವರು ಅವರೇ. ಸರಕಾರವು 2022-23ನೆಯ ಸಾಲನ್ನು 'ಕಲಿಕಾ ಚೇತರಿಕೆ'ಯ ವರ್ಷವೆಂದು ನಡೆಸಿದ್ದು ಒಳ್ಳೆಯದೇ ಆಯಿತು. ಆದರೆ ಹತ್ತೊಂಬತ್ತು ತಿಂಗಳ ನಷ್ಟಕ್ಕೆ ಒಂದು ವರ್ಷದ ಔಷಧ ಸಾಕಾಯಿತೇ ಎಂದು ಅದೇ ಮಕ್ಕಳನ್ನು ಹಿಂಬಾಲಿಸಿ ನೋಡಬೇಕಲ್ಲವೇ? ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಗಾದೆ ಅವರಿಗಾಗಿಯೇ ಹುಟ್ಟಿದಂತಿದೆ.

ಮನೆಗಳ ಲೆಕ್ಕ ಇದಕ್ಕಿಂತ ಕಠಿಣ. 2021ರ ಒಂದೇ ವರ್ಷದಲ್ಲಿ ದೇಶದಲ್ಲಿ ಕೋವಿಡ್‌ನಿಂದ ಸತ್ತವರೆಂದು ಅಧಿಕೃತವಾಗಿ ದಾಖಲಾದವರು ಸುಮಾರು 3.3 ಲಕ್ಷ. ಆದರೆ ಜನನ ಮರಣ ನೋಂದಣಿಯ ಪ್ರಕಾರ ದೇಶದಲ್ಲಿ ನೋಂದಣಿಯಾದ ಒಟ್ಟು ಮರಣಗಳು 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷ ಹೆಚ್ಚಳ. ನೋಂದಣಿ ಮಾಡಿಸುವವರ ಪ್ರಮಾಣವೂ ವರ್ಷ ವರ್ಷ ಹೆಚ್ಚುತ್ತಿರುವುದರಿಂದ ಈ 21 ಲಕ್ಷವೆಲ್ಲ ರೋಗದ ಲೆಕ್ಕವೆಂದು ಹೇಳಲಾಗದು. ಆದರೆ 3.3 ಲಕ್ಷವೇ ಪೂರ್ಣ ಲೆಕ್ಕವೆಂದು ಹೇಳುವವರು ಉಳಿದ ಹೆಚ್ಚಳಕ್ಕೆ ಕಾರಣ ಕೊಡಬೇಕಾಗುತ್ತದೆ. ಈ ಅಂಕಿಗಳು ಪ್ರಕಟವಾದದ್ದು 2025ರ ಮೇ ತಿಂಗಳಲ್ಲಿ, ನಾಲ್ಕು ವರ್ಷ ತಡವಾಗಿ!

ಅನಾಥ ಮಕ್ಕಳ ವಿಷಯದಲ್ಲಿ ನಡೆದ ಜಗಳ ನಿಮಗೆ ನೆನಪಿರಬಹುದು. 2022ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಬಳಗದ ಅಧ್ಯಯನವೊಂದು ಭಾರತದಲ್ಲಿ 19 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆಯನ್ನೋ ತಾಯಿಯನ್ನೋ ಪಾಲಕರನ್ನೋ ಕಳೆದುಕೊಂಡರೆಂದು ಅಂದಾಜಿಸಿತು. ಕೇಂದ್ರ ಸರಕಾರ ಅದನ್ನು ಬಲವಾಗಿ ನಿರಾಕರಿಸಿ, 'ಬಾಲ ಸ್ವರಾಜ್' ಜಾಲತಾಣದಲ್ಲಿ ದಾಖಲಾದವರು 1,53,827 ಮಕ್ಕಳು ಎಂದಿತು. ಒಂದು ಗಣಿತದ ಮಾದರಿಯಿಂದ ತೆಗೆದ ಅಂದಾಜು. ಇನ್ನೊಂದು ಕಚೇರಿಗೆ ತಲುಪಿದ ಹೆಸರುಗಳ ಪಟ್ಟಿ. ಅಂದಾಜು ತಪ್ಪಿರಬಹುದು. ಆದರೆ ಪಟ್ಟಿ ಎಂದಿಗೂ ಪೂರ್ಣವಾಗಿರುವುದಿಲ್ಲ, ಏಕೆಂದರೆ ಕಚೇರಿಯ ಬಾಗಿಲು ತಟ್ಟುವ ಶಕ್ತಿಯಿಲ್ಲದವರು ಅದರಲ್ಲಿ ಇರುವುದಿಲ್ಲ. ಮನೆ ಮನೆಗೆ ಹೋಗಿ ಎಣಿಸಿದ್ದರೆ ಜಗಳ ತೀರುತ್ತಿತ್ತು. ಅದಕ್ಕೆ ಒದಗಬಹುದಾಗಿದ್ದ 2021ರ ಜನಗಣತಿ ಮುಂದಕ್ಕೆ ಹೋಗುತ್ತ ಹೋಗುತ್ತ 2027ಕ್ಕೆ ನಿಗದಿಯಾಯಿತು.

ಆ ಅಧಿಕೃತ ಪಟ್ಟಿಯನ್ನೇ ಒಡೆದು ನೋಡಿ. ಅನ್ಯ ಕಾರಣಗಳಿಂದ ಹೆತ್ತವರನ್ನು ಕಳೆದುಕೊಂಡವರೂ ಅದರಲ್ಲಿದ್ದಾರೆ. ಇಬ್ಬರನ್ನೂ ಕಳೆದುಕೊಂಡವರು 10,386. ತೊರೆಯಲ್ಪಟ್ಟವರು 492. ಒಬ್ಬರನ್ನು ಕಳೆದುಕೊಂಡವರು 1,42,949, ಅಂದರೆ ನೂರಕ್ಕೆ 93. ಪ್ರಧಾನಮಂತ್ರಿಗಳ ಹೆಸರಿನ ಹತ್ತು ಲಕ್ಷ ರೂಪಾಯಿಯ ಯೋಜನೆಯಾಗಲಿ, ನಮ್ಮ ರಾಜ್ಯದ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆಯಾಗಲಿ ರೂಪುಗೊಂಡದ್ದು ಮುಖ್ಯವಾಗಿ ಹೆತ್ತವರಿಬ್ಬರೂ ಇಲ್ಲದ ಮಕ್ಕಳಿಗಾಗಿ. ಗೋವೆಯಲ್ಲಿ ದುಡಿದು ಪ್ರತಿ ತಿಂಗಳು ಹಣ ಕಳಿಸುತ್ತಿದ್ದ ತಂದೆ ತೀರಿಕೊಂಡರೆ, ತಾಯಿ ಕಬ್ಬಿನ ಗದ್ದೆಗೆ ಕೂಲಿಗೆ ಹೋದರೆ, ಹಿರಿಯ ಮಗಳು ಶಾಲೆ ಬಿಟ್ಟು ಕಿರಿಯರನ್ನು ನೋಡಿಕೊಂಡರೆ, ಆ ಮನೆಗೆ ಸಿಗುವುದು ಒಮ್ಮೆ ಕೊಟ್ಟ ಪರಿಹಾರ ಮಾತ್ರ. ಅದೂ ಸಾವಿಗೆ ಕೋವಿಡ್ ಕಾರಣವೆಂದು ದಾಖಲೆಗಳಿಂದ ಸ್ಥಾಪಿತವಾದರೆ. 'ಅನಾಥ' ಎಂಬ ಪದದ ವ್ಯಾಖ್ಯೆಯೇ ನೂರರಲ್ಲಿ 93 ಮಕ್ಕಳನ್ನು ಹೊರಗಿಟ್ಟಿತು. ಇದು ಅಂಕಿಗಳ ಕ್ರೌರ್ಯವಲ್ಲ. ಅಂಕಿಗಳನ್ನು ಓದದೆ ಯೋಜನೆ ಬರೆದವರ ಅವಸರ.

ನಮ್ಮ ಊರಿನ ಲೆಕ್ಕವೂ ಹೀಗೆಯೇ ಜಾರಿಹೋಗುತ್ತದೆ. 1969ರ ಕಾಯಿದೆಯಂತೆ ಮರಣವನ್ನು ಅದು ಸಂಭವಿಸಿದ ಸ್ಥಳದಲ್ಲಿ ನೋಂದಾಯಿಸುತ್ತಾರೆ. ನಂದಗಡದವನು ಬೆಳಗಾವಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವನು ಬೆಳಗಾವಿ ನಗರದ ಪುಸ್ತಕದಲ್ಲಿರುತ್ತಾನೆ. ಮಡಗಾವಿಯಲ್ಲಿ ತೀರಿಕೊಂಡರೆ ಬೇರೆ ರಾಜ್ಯದ ಪುಸ್ತಕದಲ್ಲಿ. ಊರಿನ ನೋಂದಣಿ ಪುಸ್ತಕ ತೆಗೆದು "ನಮ್ಮಲ್ಲಿ ಅಂತಹ ಸಾವುಗಳೇನೂ ಆಗಲಿಲ್ಲ" ಎಂದು ಹೇಳುವವನು ಸುಳ್ಳು ಹೇಳುತ್ತಿಲ್ಲ. ಆದರೆ ಸಾವು ದೂರದ ಪುಸ್ತಕಕ್ಕೆ ಸೇರಿದರೂ ಮಗು ಮಾತ್ರ ಇಲ್ಲಿಯ ಶಾಲೆಯಲ್ಲಿಯೇ ಕುಳಿತಿದೆ.

ಬಾಲ್ಯವಿವಾಹದ ಬಗ್ಗೆಯೂ ಒಂದು ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಹದಿನೆಂಟು ತುಂಬುವ ಮೊದಲೇ ವಿವಾಹವಾದವರು ಶೇ. 21.3. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ 21.4. "ನೋಡಿ, ಕೋವಿಡ್‌ನಿಂದ ಏನೂ ಹೆಚ್ಚಲಿಲ್ಲ" ಎಂದು ಇದನ್ನು ತೋರಿಸುವವರಿದ್ದಾರೆ. ಆದರೆ ನಮ್ಮ ರಾಜ್ಯದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ಜುಲೈನಿಂದ ಡಿಸೆಂಬರ್‌ವರೆಗೆ. ಹೊಳೆಗೆ ನೀರು ಬರುವ ಮೊದಲೇ ಅಳತೆ ತೆಗೆದು ಮಹಾಪೂರವೇ ಬರಲಿಲ್ಲ ಎಂದ ಹಾಗಾಯಿತು.

"ಒಂದೊಂದು ಸಾವೂ ಒಂದೊಂದು ಲೋಕ, ಅದನ್ನು ಸಂಖ್ಯೆ ಮಾಡಬೇಡಿ" ಎನ್ನುವವರಿಗೆ ನನ್ನ ಉತ್ತರವಿಷ್ಟೆ. 1831ರ ಜನವರಿ 26ರಂದು ನಮ್ಮ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ದಿನಾಂಕವನ್ನು ನಾವು ಮರೆತಿಲ್ಲ; ಅವನ ಸಮಾಧಿ ನಮ್ಮಲ್ಲಿದೆ, ಅವನ ಲಾವಣಿಗಳಿವೆ. ವೀರರನ್ನು ಜನಪದ ನೆನಪಿಡುತ್ತದೆ. ಸಾಮಾನ್ಯರ ಗತಿಯೇನು? ಮರಾಠಿಯಲ್ಲಿ 'ಮಾನಮೋಡಿ' ಎಂದು ಕರೆದ 1918ರ ಇನ್‌ಫ್ಲುಯೆಂಜಾ, ಬೆಳಗಾವಿ ಆಗ ಸೇರಿದ್ದ ಮುಂಬಯಿ ಪ್ರಾಂತವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನರನ್ನು ಕೊಂದಿತು. ಅವರಿಗೆ ಲಾವಣಿಯಿಲ್ಲ. ಈಗಿನ ಕರ್ನಾಟಕದ ಪ್ರದೇಶದ ಜನಸಂಖ್ಯೆ 1911ರಲ್ಲಿ 1.35 ಕೋಟಿ ಇದ್ದುದು 1921ರಲ್ಲಿ 1.34 ಕೋಟಿಗೆ ಇಳಿಯಿತು ಎಂಬ ಜನಗಣತಿಯ ಒಂದು ಒಣ ಸಾಲಿನಲ್ಲಿ ಮಾತ್ರ ಅವರಿದ್ದಾರೆ. ಸಾಮಾನ್ಯರ ಪಾಲಿಗೆ ಲೆಕ್ಕವೇ ಸ್ಮಾರಕ. ಅವರು ಬಿಟ್ಟುಹೋದ ಮಕ್ಕಳು ಎಷ್ಟೆಂದು ಆಗ ಯಾರೂ ಬರೆದಿಡಲಿಲ್ಲ. ನಾವೂ ಹಾಗೆಯೇ ಮಾಡಬೇಕೇ?

ಈ ಬರಹವನ್ನು ಓದುವವರಲ್ಲಿ ಶಿಕ್ಷಕರಾದವರು, ಪಂಚಾಯಿತಿ ಸದಸ್ಯರಾದವರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವವರು ಸಾಕಷ್ಟು ಜನರಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇದು. 2020ರಲ್ಲಿ ನಿಮ್ಮ ಊರಿನ ಕನ್ನಡ, ಮರಾಠಿ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಇದ್ದ ಮಕ್ಕಳ ಹಾಜರಿ ಪುಸ್ತಕ ತೆಗೆಯಿರಿ. ಪ್ರತಿ ಹೆಸರಿನ ಮುಂದೆ ಮೂರು ಅಂಕಣ ಹಾಕಿರಿ: ಈಗ ಎಲ್ಲಿದೆ, ಒಂದು ಪುಟ ಓದಿ ಒಂದು ಭಾಗಾಕಾರ ಮಾಡಬಲ್ಲದೇ, ಮನೆಯಲ್ಲಿ ದುಡಿಯುವವರು ಯಾರು. ಒಂದು ಊರಿಗೆ ಒಂದು ವಾರದ ಕೆಲಸ. ಹೆಸರುಗಳನ್ನು ಗುಟ್ಟಾಗಿಟ್ಟು, ಮೊತ್ತವನ್ನು ಮಾತ್ರ ಮಕ್ಕಳ ಗ್ರಾಮಸಭೆಯ ಮುಂದಿಡಿ. ಓದು ಬಾರದವರಿಗೆ ಸಂಜೆ ಪಾಠ ಏರ್ಪಡಿಸುವುದಕ್ಕೆ, ಒಬ್ಬರೇ ಪಾಲಕರಿರುವ ಮನೆಗಳಿಗೆ ನೆರವು ಕೇಳುವುದಕ್ಕೆ ಆಗ ನಿಮ್ಮ ಕೈಯಲ್ಲಿ ಆಧಾರವಿರುತ್ತದೆ. ಅಧಿಕಾರಿಗಳು ಮರುಕಕ್ಕೆ ತಲೆದೂಗಿ ಕಳಿಸಿಬಿಡಬಲ್ಲರು. ಎಣಿಸಿ ಬರೆದು ಸಹಿ ಮಾಡಿದ ಪಟ್ಟಿಗೆ ಅವರು ಉತ್ತರ ಕೊಡಬೇಕಾಗುತ್ತದೆ.

2028ರ ಮಾರ್ಚ್‌ಗೆ ಮೊದಲು ಈ ಕೆಲಸವಾಗಬೇಕು. ಆಮೇಲೆ ಬರುವುದು ಪರೀಕ್ಷೆಯ ಫಲಿತಾಂಶದ ಶೇಕಡಾ ಮಾತ್ರ. ಅದರ ಕಥೆ ಮೇಲೆಯೇ ಹೇಳಿದ್ದೇನೆ. ಪಟ್ಟಿ ತಯಾರಿಸಿದವರು ನನಗೊಂದು ಪತ್ರ ಬರೆಯಿರಿ. ಕೂಡಿಸುವುದಕ್ಕೆ, ಶೇಕಡಾ ತೆಗೆಯುವುದಕ್ಕೆ ಈ ಮುದುಕ ಈಗಲೂ ಸಿದ್ಧನಿದ್ದಾನೆ.